ಕಂಟಿಯ ಹೆಸರು

ನಮ್ಮ ಸೀಮೆಯಲ್ಲಿ ಮುಳ್ಳಿರುವ ಗಿಡಕ್ಕೆಲ್ಲ ಒಂದೇ ಹೆಸರು, ಕಂಟಿ. ಅದು ಮರವೆನ್ನಿಸಿಕೊಳ್ಳುವಷ್ಟು ಎತ್ತರವಿಲ್ಲ, ಬೆಳೆಯೆನ್ನಿಸಿಕೊಳ್ಳುವಷ್ಟು ಲಾಭದ್ದಲ್ಲ, ಬಳ್ಳಿಯೆಂದು ಚಪ್ಪರಕ್ಕೆ ಹಬ್ಬಿಸುವಂತಿಲ್ಲ. ಬಂಡೆಗಳ ಸಂದಿಯಲ್ಲಿ ನಿಂತು ಹೋಗುವವರ ಸೆರಗನ್ನೋ ಧೋತರದ ಅಂಚನ್ನೋ ಹಿಡಿದೆಳೆಯುವುದಷ್ಟೇ ಅದರ ಕೆಲಸವೆಂದು ನಾವು ತಿಳಿದಿದ್ದೇವೆ. ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರನ್ನು ಕಿಟಕಿಯಾಚೆ ಕಾಣುವ ಗುಡ್ಡದ ಮೇಲೆ ಏನಿದೆಯೆಂದು ಕೇಳಿ ನೋಡಿ. "ಅಲ್ಲೇನದರೀ, ಬರೀ ಕಲ್ಲು, ಕಂಟಿ" ಎನ್ನುತ್ತಾರೆ. ಕಣ್ಣಿಗೆ ಕಾಣುತ್ತಿರುವುದನ್ನೇ ತೋರಿಸಿ ಏನೂ ಇಲ್ಲವೆನ್ನುವ ಈ ಮಾತು ಎಷ್ಟೋ ವರ್ಷಗಳಿಂದ ನನ್ನನ್ನು ಯೋಚನೆಗೆ ಹಚ್ಚಿದೆ.

ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಬಿ.ಎ., ಬಿ.ಇಡಿ. ಮಾಡಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತ ಬಂದವಳು. ಹುಟ್ಟಿದ್ದು ಮಾನ್ವಿಯಲ್ಲಿ, ಬಹಳ ವರ್ಷ ಕೆಲಸ ಮಾಡಿದ್ದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಈಗ ಇರುವುದು ರಾಯಚೂರಿನಲ್ಲಿ. ಹೀಗೆ ಎರಡು ಹೊಳೆಗಳ ನಡುವಿನ ನೆಲವನ್ನು ಬಿಟ್ಟು ಆಚೆ ಹೋಗದ ನನ್ನಂಥವಳಿಗೆ ಗಿಡಗಳ ವಿಷಯದಲ್ಲಿ ಗುರುವಾದವರು ಶಾಲೆಯ ಮಕ್ಕಳು ಮತ್ತು ಕುರಿ ಕಾಯುವ ಒಬ್ಬ ಮುದುಕರು.

ಆ ಹಳ್ಳಿಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಎರಡು ಮುಳ್ಳಿನ ಟೊಂಗೆಗಳನ್ನು ತಂದು ಮೇಜಿನ ಮೇಲಿಟ್ಟಳು. "ಅಕ್ಕೋರೇ, ಎರಡಕ್ಕೂ ಕಾರಿ ಅಂತಾರ್ರಿ. ಇದರ ಹಣ್ಣು ತಿಂದ್ರ ಬಾಯಿ ಸಿಹಿ ಆಗ್ತದ. ಅದರ ಕಾಯಿ ತಿಂದ್ರ ವಾಂತಿ ಆಗ್ತದ. ಹಂಗಾದ್ರ ಒಂದಾ ಹೆಸರು ಯಾಕ್ರಿ?" ಎಂದಳು. ಬಿ.ಇಡಿ. ತರಗತಿಯಲ್ಲಿ ನಮಗೆ ಪಾಠಕ್ಕೆ ಪೀಠಿಕೆ ಹಾಕುವುದನ್ನು ಕಲಿಸಿದ್ದರು. ಇಷ್ಟು ಒಳ್ಳೆಯ ಪೀಠಿಕೆಯನ್ನು ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಆ ಮುದುಕರನ್ನು ಕೇಳಿದೆವು. ಅವರು ಟೊಂಗೆಗಳನ್ನು ಕೈಯಲ್ಲಿ ಹಿಡಿದು ಮೊದಲು ನೋಡಿದ್ದು ಎಲೆಯನ್ನಲ್ಲ, ಎಲೆ ಟೊಂಗೆಗೆ ಕೂಡುವ ಜಾಗವನ್ನು. ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬಂದಿವೆಯೇ, ಒಂದು ಮೇಲೊಂದು ಕೆಳಗೆ ಬಂದಿವೆಯೇ? ಮುಳ್ಳು ಎಲೆಯ ಕಂಕುಳಿನ ಮೇಲಿಂದ ಎದ್ದಿದೆಯೇ, ಎಲೆಯ ಬುಡದ ಪಕ್ಕದಲ್ಲಿದೆಯೇ? ನೆಟ್ಟಗಿದೆಯೇ, ಕೊಕ್ಕೆಯಂತೆ ಬಾಗಿದೆಯೇ? ಎಲೆ ಕಿತ್ತರೆ ಹಾಲು ಬರುತ್ತದೆಯೇ? ಅವರು ಈ ಮಾತುಗಳಲ್ಲಿ ಹೇಳಲಿಲ್ಲ, ಬೆರಳಿನಿಂದ ಒಂದೊಂದೇ ಜಾಗವನ್ನು ಮುಟ್ಟಿ ತೋರಿಸಿದರು. ನಮ್ಮ ಸೀಮೆಯ ಚೀಕಲಪರ್ವಿ, ಮೊಸರಕಲ್ಲು, ಬ್ಯಾಗವಾಟಗಳಲ್ಲಿ ಹುಟ್ಟಿದ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರ ಪದಗಳನ್ನು ಹಾಡುವಾಗ ಕೊನೆಯ ಸಾಲಿನ ಅಂಕಿತ ನೋಡಿ ಇದು ಇಂಥವರದು ಎಂದು ತಿಳಿಯುತ್ತೇವಲ್ಲ, ಹಾಗೆ ಗಿಡಕ್ಕೂ ಒಂದು ಅಂಕಿತವಿದೆ, ಅದು ಎಲೆಯೂ ಟೊಂಗೆಯೂ ಕೂಡುವಲ್ಲಿದೆ ಎಂದು ನನಗೆ ಆಗ ತಿಳಿಯಿತು.

ತಿನ್ನುವ ಕಾರೆ ಸಣ್ಣ ಗಿಡ. ಜೋಡಿ ಎಲೆ, ಜೋಡಿ ಮುಳ್ಳು. ಮುಳ್ಳು ನೆಟ್ಟಗೆ, ಗಟ್ಟಿಯಾಗಿ, ಎಲೆಯ ಕಂಕುಳಿಗಿಂತ ತುಸು ಮೇಲಿಂದ ಹೊರಡುತ್ತದೆ. ಹಸಿರು ಹಳದಿಯ ಪುಟ್ಟ ಹೂ. ಹಣ್ಣು ಹಳದಿಯಾಗಿ, ತುಸು ಚಪ್ಪಟೆಯಾಗಿ, ತುದಿಯಲ್ಲಿ ಸಣ್ಣ ತಗ್ಗಿನೊಂದಿಗೆ ಇರುತ್ತದೆ. ಒಳಗೆ ಎರಡೇ ಬೀಜ. ವಾಂತಿ ಮಾಡಿಸುವ ಕಾರೆಗೆ ಪುಸ್ತಕಗಳಲ್ಲಿ ಮಂಗಾರೆ, ಬನಗಾರೆ ಎಂಬ ಹೆಸರುಗಳೂ ಇವೆ. ಅದರ ಹೂ ದೊಡ್ಡದು, ಬೆಳ್ಳಗೆ ಅರಳಿ ಆಮೇಲೆ ಹಳದಿಗೆ ತಿರುಗುತ್ತದೆ, ಸುವಾಸನೆಯಿದೆ. ಕಾಯಿ ಗುಂಡಗೆ, ದಪ್ಪಗೆ, ಪ್ಯಾರಲ ಹಣ್ಣಿನ ಹಾಗೆ ತಲೆಯ ಮೇಲೊಂದು ಕಿರೀಟ ಹೊತ್ತಿರುತ್ತದೆ. ಒಳಗೆ ತಿರುಳು, ತುಂಬ ಬೀಜ. ಆಯುರ್ವೇದದಲ್ಲಿ ಮದನಫಲವೆಂದು ಹೆಸರಾದದ್ದು ಇದೇ. ವಮನ ಮಾಡಿಸುವ ಔಷಧಿಗಳಲ್ಲಿ ಚರಕರು ಇದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಇದರ ಕಾಯಿ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೂ ಇದೆ. ಎರಡೂ ಕಾಫಿ ಗಿಡದ ಕುಟುಂಬಕ್ಕೆ ಸೇರಿದವು ಎಂದರೆ ಮಕ್ಕಳು ನಗುತ್ತಾರೆ. ಕೊಡಗಿನ ನೆರಳಿನಲ್ಲಿ ಬೆಳೆಯುವ ಕಾಫಿಯೂ ದೇವದುರ್ಗದ ಸುಡುಗಲ್ಲಿನಲ್ಲಿ ನಿಂತ ಕಾರೆಯೂ ಒಂದೇ ಮನೆತನ!

ಇವುಗಳ ಪಕ್ಕದಲ್ಲೇ ಕವಳಿಯೂ ಇರುತ್ತದೆ. ಅದಕ್ಕೂ ಜೋಡಿ ಎಲೆ, ಜೋಡಿ ಮುಳ್ಳು. ಆದರೆ ಎಲೆ ಚಿವುಟಿದರೆ ಬಿಳಿಹಾಲು ಬರುತ್ತದೆ, ಕಾರೆಯಲ್ಲಿ ಬರುವುದಿಲ್ಲ. ಹೂ ಬಿಳಿ ನಕ್ಷತ್ರ, ಹಣ್ಣು ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಮಕ್ಕಳ ತಲೆಯ ಮೇಲೆ ಸುರಿಯುವ ಬಾರಿಹಣ್ಣಿನ ಗಿಡದ ರೀತಿ ಬೇರೆ. ಎಲೆ ಒಂದಾದ ಮೇಲೊಂದು, ಬುಡದಿಂದಲೇ ಮೂರು ನರ, ಹಿಂಭಾಗ ಬಿಳಿ ಅರಿವೆಯ ಹಾಗೆ. ಮುಳ್ಳುಗಳಲ್ಲಿ ಒಂದು ನೆಟ್ಟಗೆ ಚುಚ್ಚುತ್ತದೆ, ಇನ್ನೊಂದು ಕೊಕ್ಕೆಯಾಗಿ ಹಿಡಿಯುತ್ತದೆ.

ಮುಳ್ಳು ಎಂಬುದು ಕೂಡ ಒಂದೇ ಅಲ್ಲ. ಕಾರೆಯಲ್ಲಿ ಟೊಂಗೆಯಾಗಬೇಕಾದದ್ದು ಮುಳ್ಳಾಗಿದೆ. ಬಾರಿಯಲ್ಲೂ ಜಾಲಿಯಲ್ಲೂ ಎಲೆಯ ಬುಡದಲ್ಲಿರುವ ಪುಟ್ಟ ಕಿವಿಯಂಥ ಎಲೆಗಳು ಮುಳ್ಳಾಗಿವೆ. ಪಾಪಾಸುಕಳ್ಳಿಯಲ್ಲಿ ಎಲೆಯೇ ಮುಳ್ಳು. ಗುಲಾಬಿಯದು ಬರೀ ಚರ್ಮದ ಮುಳ್ಳು, ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಕಳಚಿ ಬರುತ್ತದೆ. ಕಾರೆಯ ಮುಳ್ಳು ಹಾಗೆ ಬರುವುದಿಲ್ಲ, ಅದಕ್ಕೆ ಮರದ ಜೀವವಿದೆ. ನಮಗೆ ಚುಚ್ಚುವುದು ಒಂದೇ ತರಹ, ಆದ್ದರಿಂದ ನಾವು ಎಲ್ಲಕ್ಕೂ ಒಂದೇ ಹೆಸರು ಕೊಟ್ಟಿದ್ದೇವೆ. ಹೆಸರು ಕೊಡುವಾಗ ನಾವು ಗಿಡವನ್ನು ನೋಡಿಲ್ಲ, ನಮ್ಮ ನೋವನ್ನು ನೋಡಿಕೊಂಡಿದ್ದೇವೆ.

ಹಾಗಾದರೆ ಸರಿಯಾದ ಹೆಸರು ಯಾವುದು? ವಿಜ್ಞಾನಿಗಳು ತಿನ್ನುವ ಕಾರೆಯನ್ನು ಕ್ಯಾಂಥಿಯಮ್ ಕೊರಮಂಡೆಲಿಕಮ್ ಎನ್ನುತ್ತಾರೆ. ಹಿಂದೆ ಕ್ಯಾಂಥಿಯಮ್ ಪಾರ್ವಿಫ್ಲೋರಮ್ ಎನ್ನುತ್ತಿದ್ದರು. ಇನ್ನೊಂದಕ್ಕೆ ಈಗ ಕ್ಯಾಟುನರೆಗಮ್ ಸ್ಪೈನೋಸಾ ಎಂಬ ಹೆಸರಿದೆ, ಹಿಂದೆ ರ‍್ಯಾಂಡಿಯಾ ಎಂದಿತ್ತು. ಅವರೂ ಮನುಷ್ಯರೇ, ಹೆಚ್ಚು ತಿಳಿದಂತೆಲ್ಲ ಹೆಸರನ್ನು ತಿದ್ದಿಕೊಳ್ಳುತ್ತಾರೆ. ಕ್ಯಾಟುನರೆಗಮ್ ಎಂಬುದು ಲ್ಯಾಟಿನ್ ವೇಷ ತೊಟ್ಟ ಮಲಯಾಳಂ ಮಾತು, 'ಕಾಟ್ಟುನಾರಗಂ', ಅಂದರೆ ಕಾಡು ನಿಂಬೆ. ಕ್ಯಾಂಥಿಯಮ್ ಕೂಡ ಮಲಬಾರಿನ 'ಕಂಡನ್ ಕಾರ' ಎಂಬ ಹೆಸರಿನಿಂದ ಹುಟ್ಟಿದ್ದೆಂದು ಹೇಳುತ್ತಾರೆ. ಆ 'ಕಾರ'ವನ್ನೂ ನಮ್ಮ 'ಕಾರೆ'ಯನ್ನೂ ಪಕ್ಕಪಕ್ಕ ಇಟ್ಟು ನೋಡಿ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹಾರ್ಟಸ್ ಮಲಬಾರಿಕಸ್' ಎಂಬ ದೊಡ್ಡ ಗ್ರಂಥಕ್ಕೆ ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯರು ತಮ್ಮ ಮನೆತನದ ತಿಳಿವಳಿಕೆಯನ್ನು ಧಾರೆಯೆರೆದರು. ಗಿಡದ ಜೊತೆ ಬದುಕಿದವರ ಬಾಯಿಂದ ಹೆಸರು ಹೊರಟು, ಪುಸ್ತಕಕ್ಕೆ ಹೋಗಿ, ನಮಗೆ ಪರಕೀಯವಾಗಿ ಮರಳಿ ಬಂದಿದೆ. ಮುದುಕರ ಬೆರಳಿಗೂ ಲ್ಯಾಟಿನ್ ಹೆಸರಿಗೂ ಜಗಳವಿಲ್ಲ. ಎರಡರ ಹಿಂದೆಯೂ ಯಾರೋ ತಾಳ್ಮೆಯಿಂದ ನೋಡಿದ್ದಾರೆ.

ನೋಡುವುದಕ್ಕೂ ಹೆಸರು ಸಿಗುವುದಕ್ಕೂ ನಡುವೆ ಎಷ್ಟು ಕಾಲ ಹೋಗಬಹುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ನಿದರ್ಶನವಿದೆ. ಇತಿಹಾಸದ ಪಾಠದಲ್ಲಿ ಅದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದರು. ಶಾಸನಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆತ ಅಶೋಕನಿರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ತರ್ಕಿಸಿದರು. ಆದರೆ ಕಲ್ಲಿನ ಮೇಲೆ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತ ಬಂದಿದ್ದ ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಸಿಕ್ಕಿತು. ಅದರಲ್ಲಿ ದೇವಾನಾಂಪ್ರಿಯ ಅಶೋಕ ಎಂದೇ ಇತ್ತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ದೊರೆಯಿತು. 'ಬರೀ ಕಲ್ಲು, ಕಂಟಿ' ಎನ್ನುವ ಇಂಥದೇ ಒಂದು ಗುಡ್ಡ ಚಕ್ರವರ್ತಿಯ ಗುರುತನ್ನು ಎರಡು ಸಾವಿರ ವರ್ಷ ಕಾದಿಟ್ಟುಕೊಂಡಿತ್ತು.

ಗುರುತು ಎಂಬ ನಮ್ಮ ಕನ್ನಡದ ಮಾತನ್ನೇ ಸ್ವಲ್ಪ ಗಮನಿಸಿ. ಗುರುತು ಎಂದರೆ ಚಿಹ್ನೆ. ಗುರುತು ಹಿಡಿಯುವುದೆಂದರೆ ಇಂಥದು ಎಂದು ತಿಳಿಯುವುದು. ಆದರೆ 'ಅವರು ನಮ್ಮ ಗುರುತಿನವರು' ಎಂದಾಗ ಅರ್ಥ ಬೇರೆಯಾಗುತ್ತದೆ. ಅಲ್ಲಿ ಬಳಕೆಯಿದೆ, ಹೋಗಿಬರುವುದಿದೆ, ಕಷ್ಟ ಬಂದಾಗ ಕೇಳುವ ಹಕ್ಕಿದೆ. ಗುರುತಿನವರು ಬಸ್ಸಿನಲ್ಲಿ ನಿಂತಿದ್ದರೆ ನಾವು ಸರಿದು ಜಾಗ ಕೊಡುತ್ತೇವೆ. ತಿಳಿಯುವುದರೊಳಗೆ ಒಂದು ಹಂಗೂ ಇದೆ ಎಂಬುದನ್ನು ನಮ್ಮ ಹಿರಿಯರು ಈ ಒಂದೇ ಮಾತಿನಲ್ಲಿ ಇಟ್ಟು ಹೋಗಿದ್ದಾರೆ.

ಇದು ಸುಮ್ಮನೆ ಮಾತಿನ ಚಂದಕ್ಕೆ ಹೇಳಿದ್ದಲ್ಲ. ಆ ಹಳ್ಳಿಯ ಗುಡ್ಡ ಪಹಣಿಯಲ್ಲಿ ಖರಾಬು ಎಂದಿತ್ತು. ನಮ್ಮ ಕಂದಾಯದ ಭಾಷೆಯಲ್ಲಿ ಉಳುಮೆಗೆ ಬಾರದ ನೆಲವೆಲ್ಲ ಖರಾಬು. ಅದರಲ್ಲಿ ಅ ಖರಾಬು, ಬ ಖರಾಬು ಎಂಬ ಭೇದಗಳೂ ಉಂಟು. ದೇಶಮಟ್ಟದಲ್ಲಿಯೂ ಉಪಗ್ರಹದ ಚಿತ್ರಗಳಿಂದ ಪಾಳುಭೂಮಿಯ ನಕಾಶೆ ಪುಸ್ತಕವನ್ನು ಮಾಡಿದ್ದಾರೆ. ಮೊದಲನೆಯದು 2000ದಲ್ಲಿ ಬಂತು, ಐದನೆಯದು 2019ರಲ್ಲಿ. ಕುರುಚಲು ಗಿಡಗಳ ಬಯಲು ಅದರಲ್ಲಿ ಪಾಳು ನೆಲದ ಒಂದು ಬಗೆ. ಕುರಿಗಳು ಅಲ್ಲಿ ಮೇಯುತ್ತವೆ, ಪಿಕಳಾರ ಹಣ್ಣು ತಿಂದು ಬೀಜ ಬಿತ್ತುತ್ತದೆ, ಕಂಟಿಯ ಬುಡಕ್ಕೆ ಬಿದ್ದ ಬೇವಿನ ಬೀಜ ಆಡಿನ ಬಾಯಿಗೆ ಸಿಗದೆ ಮೇಲೆ ಬರುತ್ತದೆ. ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿ ಧಾಮ ಮಾಡಿದ್ದು ಇಂಥದೇ ಕಲ್ಲುಗುಡ್ಡದ ನೆಲದಲ್ಲಿ. ಬಾರಿ, ಕವಳಿಯಂಥ ಹಣ್ಣುಗಳೇ ಆ ಕರಡಿಗಳಿಗೆ ಊಟ. ಆದರೂ ಕಾಗದದ ಮೇಲೆ ಆ ನೆಲ ಖರಾಬು.

ಒಂದು ಮಳೆಗಾಲಕ್ಕೆ ಆ ಗುಡ್ಡವನ್ನು ಹಸಿರು ಮಾಡಬೇಕೆಂಬ ಯೋಜನೆ ಬಂತು. ಉದ್ದೇಶ ಒಳ್ಳೆಯದೇ. ಕಂಟಿ ತೆಗೆದು ಗುಂಡಿ ತೋಡಿ ಸಸಿ ನೆಡುವುದು, ಶಾಲೆಯ ಮಕ್ಕಳು ನೀರು ಹಾಕುವುದು. ಬಂದವರು ಮರ್ಯಾದಸ್ಥರು, ಊರಿಗೆ ನೆರಳಾಗಲೆಂದು ಮನಸ್ಸಿದ್ದವರು. ಆ ಮುದುಕರು ಮಾತ್ರ ನನ್ನ ಬಳಿ ಬಂದು, "ಯವ್ವಾ, ಗಿಡ ಹಚ್ಚಾಕ ಗಿಡ ಕಡೀತಾರಂತಲ್ಲ" ಎಂದರು. ನಾವು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಬಂದವರ ಜೊತೆ ಮಾತಾಡಿ, ಎರಡು ದಿನ ಮಕ್ಕಳೊಂದಿಗೆ ಗುಡ್ಡ ಸುತ್ತಿದೆವು. ಗುರುತು ಹಿಡಿದ ಕಂಟಿಯ ಪಕ್ಕದ ಕಲ್ಲಿಗೆ ಸುಣ್ಣ ಹಚ್ಚಿ ಹೆಸರು ಬರೆದೆವು. ಕಾರೆ, ಮಂಗಾರೆ, ಕವಳಿ, ಬಾರಿ. ಕೆಲಸದ ಮೇಲಿದ್ದ ಮನುಷ್ಯ ಒಳ್ಳೆಯವನು. "ಹೆಸರು ಬರೆದಿದ್ದ ಗಿಡ ಹೆಂಗ ಕಡೀಬೇಕ್ರಿ, ಬಿಡ್ರಿ" ಎಂದು ಅವನ್ನು ಉಳಿಸಿದ. ಸುಣ್ಣವಿಲ್ಲದ ಕಲ್ಲುಗಳ ಪಕ್ಕದ ಕಂಟಿಗಳೆಲ್ಲ ಸಂಜೆಯೊಳಗೆ ಹೋದವು.

ಮಕ್ಕಳಿಗೆ ಸಂತೋಷವೋ ಸಂತೋಷ. ಎರಡು ಟೊಂಗೆ ತಂದಿದ್ದ ಆ ಹುಡುಗಿ ಮಾತ್ರ ಕಡಿದು ಹಾಕಿದ ರಾಶಿಯ ಹತ್ತಿರ ನಿಂತು, "ಇವಕ್ಕ ಹೆಸರು ಇರಲಿಲ್ಲೇನ್ರಿ, ನಮಗ ಗೊತ್ತಿರಲಿಲ್ಲೇನ್ರಿ?" ಎಂದು ಕೇಳಿದಳು.

ನಾನು ಈ ಪ್ರಬಂಧ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ. ಹೆಸರು ತಿಳಿದದ್ದು ಉಳಿಯಿತು, ತಿಳಿಯದ್ದು ಹೋಯಿತು. ನಮ್ಮ ತಿಳಿವಳಿಕೆ ನಾಲ್ಕು ಗಿಡಗಳನ್ನು ಕಾಯಿತು ಎಂದು ಹೆಮ್ಮೆಪಡಬಹುದು. ಆದರೆ ಬದುಕುವ ಹಕ್ಕಿಗೆ ನಮ್ಮ ತಿಳಿವಳಿಕೆ ರಹದಾರಿಯಾಗುವುದು ನ್ಯಾಯವೇ? ಗಿಡಕ್ಕೆ ತನ್ನ ಹೆಸರು ಬೇಕಿಲ್ಲ. ಅಶೋಕನ ಹೆಸರು ಸಿಗುವ ಮುನ್ನವೂ ಆ ಶಾಸನ ಶಾಸನವೇ ಆಗಿತ್ತು. ಯಾರಾದರೂ ಅದನ್ನು ಬರೀ ಕಲ್ಲೆಂದು 1914ರಲ್ಲಿ ಒಡೆದು ಜಲ್ಲಿ ಮಾಡಿದ್ದರೆ ತಾವು ಏನು ಒಡೆದೆವೆಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿಯದವರ ಕೈಯಲ್ಲಿ ಆಗುವ ನಷ್ಟಕ್ಕೆ ಲೆಕ್ಕವೇ ಇರುವುದಿಲ್ಲ.

ಈ ಮಾತನ್ನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ಮುಂದೆ ಹೇಳಿದಾಗ ಅವರು ಇನ್ನೊಂದು ಮಗ್ಗುಲಿನಿಂದ ವಾದ ಹೂಡಿದರು. "ಹೆಸರು ಗೊತ್ತಾದರೆ ಉಳಿಯುತ್ತದೆ ಎಂದು ಯಾರು ಹೇಳಿದರು ಮೇಡಂ? ಶ್ರೀಗಂಧದ ಹೆಸರು ಯಾರಿಗೆ ಗೊತ್ತಿಲ್ಲ? ಗುರುತು ಹಿಡಿದವರೇ ಅದನ್ನು ಕದ್ದರು. ಕಂಟಿ ಕಂಟಿಯಾಗಿದ್ದರೇ ಕ್ಷೇಮ." ಇದನ್ನು ತಳ್ಳಿಹಾಕುವಂತಿಲ್ಲ. ಗುರುತು ಹಿಡಿಯುವುದರಲ್ಲಿ ಎರಡು ಬಗೆಯಿದೆ. ಸಂತೆಯಲ್ಲಿ ದಲಾಲಿ ಎತ್ತಿನ ಹಲ್ಲು ಎಣಿಸಿ ಗುರುತು ಹಿಡಿಯುತ್ತಾನೆ. ಅದೇ ಎತ್ತನ್ನು ಕತ್ತಲಲ್ಲಿ ಗಂಟೆಯ ಸದ್ದಿನಿಂದ ರೈತ ಗುರುತು ಹಿಡಿಯುತ್ತಾನೆ. ಇಬ್ಬರ ಗುರುತೂ ನಿಜವೇ. ಮೊದಲನೆಯದು ಬೆಲೆಯಲ್ಲಿ ಮುಗಿಯುತ್ತದೆ, ಎರಡನೆಯದು ಎತ್ತಿಗೆ ಕಾಯಿಲೆ ಬಂದ ರಾತ್ರಿ ರೈತನನ್ನು ಎಚ್ಚರವಿರಿಸುತ್ತದೆ. ಪರೀಕ್ಷೆಗೆ ಕಲಿಸುವಾಗ ಮೊದಲನೆಯದನ್ನಷ್ಟೇ ಕಲಿಸಲಾಗುತ್ತದೆಯೇ ಎಂಬ ಅಂಜಿಕೆ ಶಿಕ್ಷಕಿಯಾದ ನನಗಿದೆ.

ಇಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಈ ನೆಲದ ಗಿಡ, ಹೊರಗಿನ ಗಿಡ ಎಂಬ ಮಾತು ಈಗ ಹೆಚ್ಚು ಕೇಳಿಬರುತ್ತಿದೆ. ಬಳ್ಳಾರಿ ಜಾಲಿ ಅಮೆರಿಕ ಖಂಡದ್ದು, 1870ರ ದಶಕದಲ್ಲಿ ಕಡಪದ ಕಡೆ ತಂದು ನೆಟ್ಟರು. ಇಂದು ಹಳ್ಳದ ದಂಡೆ, ಕೆರೆಯಂಗಳ, ಗುಡ್ಡವನ್ನೆಲ್ಲ ಹಿಡಿದು ಕಾರೆ ಕವಳಿಗಳಿಗೆ ಜಾಗವಿಲ್ಲದಂತೆ ಮಾಡಿದೆ ಎಂಬುದು ನಿಜ. ದಸರೆಯಲ್ಲಿ ನಾವು ಕೈಮುಗಿಯುವ ಬನ್ನಿಗೆ ಅದು ದಾಯಾದಿ ಎಂಬುದೂ ನಿಜ. ಬಡವರ ಒಲೆ ಎಷ್ಟೋ ವರ್ಷ ಉರಿದದ್ದು ಅದರಿಂದ ಎಂಬುದೂ ಅಷ್ಟೇ ನಿಜ. ಗಿಡಗಳ ವಿಷಯದಲ್ಲಿ ಈ ಲೆಕ್ಕ ಬೇಕು. ಆದರೆ ಅದೇ ಮಾತನ್ನು ಎತ್ತಿ ಮನುಷ್ಯರಿಗೆ ಹಚ್ಚಬಾರದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಸೀಮೆಯಲ್ಲಿ ಎಷ್ಟು ಕ್ಯಾಂಪುಗಳಾದವು, ಎಲ್ಲೆಲ್ಲಿಯ ಜನ ಬಂದು ನೆಲೆಸಿದರು! ಅವರ ಮಕ್ಕಳಿಗೆ ನಾನು ಕನ್ನಡ ಕಲಿಸಿದ್ದೇನೆ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಶಾಯಿಯಲ್ಲಿರುತ್ತದೆ.

ಹಾಜರಿ ಎಂದಾಗ ನೆನಪಾಯಿತು. ಶಾಲೆಗಳಲ್ಲಿಯೂ ಒಂದು ಖರಾಬು ಇರುತ್ತದೆ, ಅದು ಹಿಂದಿನ ಬೆಂಚು. ಬಾರದ ಹುಡುಗರು, ಓದದ ಹುಡುಗರು, ಗುಳೆ ಹೋಗಿ ಆರು ತಿಂಗಳ ಮೇಲೆ ಮರಳಿದ ಹುಡುಗರು ಎಲ್ಲರನ್ನೂ ಸೇರಿಸಿ 'ದಡ್ಡರು' ಎಂಬ ಒಂದೇ ಹೆಸರು. ಒಬ್ಬನಿಗೆ ಕಣ್ಣು ಸರಿಯಾಗಿ ಕಾಣದೆ ಇರಬಹುದು, ಒಬ್ಬಳು ನಸುಕಿನಲ್ಲೆದ್ದು ಹತ್ತಿ ಬಿಡಿಸಿ ಬಂದಿರಬಹುದು, ಇನ್ನೊಬ್ಬನ ಮನೆಮಾತು ಲಂಬಾಣಿಯೋ ತೆಲುಗೋ ಆಗಿರಬಹುದು. ಚುಚ್ಚುವುದು ಒಂದೇ ತರಹವಾದರೂ ಮುಳ್ಳಿನ ಹುಟ್ಟು ಬೇರೆ ಬೇರೆ. ಗುಡ್ಡದ ಮೇಲೆ ಕಲಿತದ್ದು ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತರಗತಿಯೊಳಗೆ.

ಇಷ್ಟೆಲ್ಲ ಯೋಚಿಸಿ ನಾನು ಮುಟ್ಟಿದ ತೀರ್ಮಾನ ಸಣ್ಣದು. ಗುರುತು ಹಿಡಿಯಲು ಪ್ರಯತ್ನಿಸುವುದು ನಮ್ಮ ಕರ್ತವ್ಯ. ಅದಕ್ಕೆ ಸಮಯ ಕೊಡಬೇಕು, ಬಗ್ಗಿ ನೋಡಬೇಕು, ತಿಳಿದವರನ್ನು ಅವರ ಓದು ಬರಹ ಕೇಳದೆ ಕೇಳಬೇಕು. ಆದರೆ ನಮ್ಮ ಪ್ರಯತ್ನ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಂದಾಚೆ ಇರುವುದಕ್ಕೂ ರಕ್ಷಣೆ ಬೇಕು. ಖರಾಬು ಎಂಬುದು, ಕಂಟಿ ಎಂಬುದು, ದಡ್ಡರು ಎಂಬುದು ನಿಜವಾಗಿ ಹೆಸರುಗಳಲ್ಲ. ಅವು 'ನಮಗೆ ಗೊತ್ತಿಲ್ಲ' ಎಂಬುದನ್ನೇ ಗಟ್ಟಿ ದನಿಯಲ್ಲಿ, ಗೊತ್ತಿದ್ದವರ ಹಾಗೆ ಹೇಳುವ ರೀತಿಗಳು. ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದವನ ಕೈ ಕೊಡಲಿಯ ಮೇಲೆ ಒಂದು ಗಳಿಗೆಯಾದರೂ ತಡೆಯುತ್ತದೆ. ಗುಡ್ಡದ ಮೇಲೆ ಸುಣ್ಣ ಹಚ್ಚುವಾಗ ಐದನೆಯದೊಂದು ಹೆಸರೂ ಬರೆಯಲು ಬರುತ್ತಿತ್ತು, 'ಗೊತ್ತಿಲ್ಲ, ಕೇಳಬೇಕು' ಎಂದು.

ಈಗ ರಾಯಚೂರಿನ ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಕೋಟೆಯ ಬಂಡೆಗಳ ಕಡೆಗೋ ತಮ್ಮ ಊರಿನ ಗುಡ್ಡಕ್ಕೋ ಹೋಗಿ ಹತ್ತು ಮುಳ್ಳಿನ ಗಿಡ ನೋಡಿ ಬರಬೇಕು. ಕೀಳಬಾರದು. ಎಲೆ ಜೋಡಿಯೋ ಒಂಟಿಯೋ, ಮುಳ್ಳು ಎಲ್ಲಿಂದ ಹುಟ್ಟಿದೆ, ಹಾಲಿದೆಯೋ ಇಲ್ಲವೋ, ಯಾವ ಹಕ್ಕಿ ಕುಳಿತಿತ್ತು, ಮನೆಯ ಹಿರಿಯರು ಅದಕ್ಕೆ ಏನನ್ನುತ್ತಾರೆ ಎಂದು ಬರೆಯಬೇಕು. ಹತ್ತಕ್ಕೆ ಹತ್ತು ಹೆಸರು ಬರೆದವರು ಬಹಳ. ಕಳೆದ ಸಲ ಒಬ್ಬ ಹುಡುಗ ಆರು ಹೆಸರು ಬರೆದು, ಉಳಿದ ನಾಲ್ಕರ ಎಲೆ ಮುಳ್ಳುಗಳನ್ನು ಚೆನ್ನಾಗಿ ವರ್ಣಿಸಿ, ಹೆಸರಿನ ಜಾಗದಲ್ಲಿ "ಗೊತ್ತಿಲ್ಲ. ಹೂ ಬಿಟ್ಟ ಮೇಲೆ ಮತ್ತೆ ನೋಡಬೇಕು" ಎಂದು ಬರೆದಿದ್ದ. ಅವನಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ಮಿಕ್ಕವರು ಯಾಕೆ ಎಂದು ಕೇಳಿದರು. ಆ ದಿನ ವ್ಯಾಕರಣದ ಪಾಠ ಬಿಟ್ಟು ಅದನ್ನೇ ಹೇಳಿದೆ.